ಸೂರು ತಂಪಾದರೆ ಮನೆಗೂ ಲಾಭ, ಕೊಟ್ಟಿಗೆಗೂ ಲಾಭ
ಬೇಸಿಗೆಗೆ ಮೊದಲು ಶೀಟು, ಅಟ್ಟ, ಗವಾಕ್ಷಿಗಳ ಕಡೆ ಒಮ್ಮೆ ಕಣ್ಣು ಹಾಯಿಸಿ

ಶಿವರಾತ್ರಿ ಕಳೆದರೆ ಚಳಿ ಶಿವಶಿವಾ ಎಂದು ಹೊರಟುಹೋಗುತ್ತದೆ ಎನ್ನುತ್ತಾರೆ ಹಿರಿಯರು. ಅದರ ಹಿಂದೆಯೇ ಬರುವ ಮೂರು ತಿಂಗಳು ಹೈನುಗಾರಿಕೆ ಮಾಡುವ ಮನೆಗಳಿಗೆ ಎರಡು ಕಡೆಯಿಂದ ಪೆಟ್ಟು ಬೀಳುತ್ತದೆ. ಒಂದು ಕಡೆ ಡೇರಿಗೆ ಹಾಕುವ ಹಾಲು ಕಡಿಮೆಯಾಗಿ ಬಟವಾಡೆ ಇಳಿಯುತ್ತದೆ. ಇನ್ನೊಂದು ಕಡೆ ಮನೆಯಲ್ಲೂ ಕೊಟ್ಟಿಗೆಯಲ್ಲೂ ಫ್ಯಾನು ಹಗಲುರಾತ್ರಿ ತಿರುಗಿ ಕರೆಂಟ್ ಬಿಲ್ಲು ಏರುತ್ತದೆ. ಬರುವುದು ಕಡಿಮೆ, ಹೋಗುವುದು ಹೆಚ್ಚು.

ಈ ಎರಡಕ್ಕೂ ಬಹುಪಾಲು ಕಾರಣ ಒಂದೇ. ಅದು ನಮ್ಮ ತಲೆಯ ಮೇಲಿರುವ ಸೂರು. ಜಿಂಕ್ ಶೀಟು, ಸಿಮೆಂಟ್ ಶೀಟು, ಆರ್‌ಸಿಸಿ ತಾರಸಿ, ಯಾವುದೇ ಇರಲಿ, ಅದನ್ನು ತಂಪಾಗಿಡುವ ಉಪಾಯಗಳಿವೆ. ಕೆಲವಕ್ಕೆ ಒಂದು ರೂಪಾಯಿಯೂ ಬೇಡ. ಕೆಲವಕ್ಕೆ ಸುಣ್ಣದ ಖರ್ಚು ಸಾಕು. ಕೆಲವಕ್ಕೆ ಮಾತ್ರ ಸ್ವಲ್ಪ ಹೆಚ್ಚು ಹಣ ಬೇಕು. ಯಾವುದನ್ನು ಮೊದಲು ಮಾಡಬೇಕು, ಹೇಗೆ ಮಾಡಬೇಕು, ಎಲ್ಲಿ ಎಚ್ಚರವಿರಬೇಕು ಎಂಬುದನ್ನು ಇಲ್ಲಿ ತಿಳಿಸಲಾಗಿದೆ.

ಬಿಸಿ ಬರುವುದು ಎಲ್ಲಿಂದ?

ನಮ್ಮ ರಾಜ್ಯದಲ್ಲಿ ಏಪ್ರಿಲ್ ಕೊನೆಯಿಂದ ಮೇ ಮಧ್ಯದವರೆಗೆ ಮಧ್ಯಾಹ್ನದ ಸೂರ್ಯ ಸರಿಯಾಗಿ ನಡುನೆತ್ತಿಯ ಮೇಲಿರುತ್ತಾನೆ. ಆ ಹೊತ್ತಿನಲ್ಲಿ ಗೋಡೆಗಳ ಮೇಲೆ ಬಿಸಿಲು ಬೀಳುವುದು ಕಡಿಮೆ, ಬಿಸಿಲೆಲ್ಲ ಬೀಳುವುದು ಸೂರಿನ ಮೇಲೆ. ಒಂದೇ ಅಂತಸ್ತಿನ ಮನೆಗೂ ಕೊಟ್ಟಿಗೆಗೂ ಹೆಚ್ಚಿನ ಬಿಸಿ ಇಳಿಯುವುದು ಮೇಲಿನಿಂದಲೇ.

ಅದು ಎಷ್ಟು ಬಿಸಿ ಎಂಬುದಕ್ಕೆ ಒಂದು ಲೆಕ್ಕ ನೋಡಿ. ಮೋಡವಿಲ್ಲದ ನಡುಮಧ್ಯಾಹ್ನ ಒಂದು ಚದರ ಮೀಟರ್ ಜಾಗದ ಮೇಲೆ ಬೀಳುವ ಬಿಸಿಲಿನ ಶಕ್ತಿ ಸುಮಾರು 1000 ವಾಟ್. ಅಂದರೆ ಕಾದ ಒಂದು ಇಸ್ತ್ರಿ ಪೆಟ್ಟಿಗೆಯಷ್ಟು. 10 ಅಡಿ ಉದ್ದ, 10 ಅಡಿ ಅಗಲದ ಕೋಣೆಯ ಸೂರು ಒಂಬತ್ತು ಚದರ ಮೀಟರಿಗೂ ಸ್ವಲ್ಪ ಹೆಚ್ಚು. ಒಂಬತ್ತು ಇಸ್ತ್ರಿ ಪೆಟ್ಟಿಗೆಗಳನ್ನು ಹೊತ್ತಿಸಿ ಮಾಡಿನ ಮೇಲೆ ಸಾಲಾಗಿ ಇಟ್ಟಂತಾಯಿತು. ಹಳತಾಗಿ ಹೊಳಪು ಹೋದ, ತುಕ್ಕು ಹಿಡಿದ ಶೀಟು ಈ ಬಿಸಿಲನ್ನು ಹೀರಿಕೊಂಡು 60 ಡಿಗ್ರಿ ಸೆಲ್ಸಿಯಸ್ ದಾಟುವುದುಂಟು.

ಕಾದ ಶೀಟು ಕೆಳಗಿರುವವರನ್ನು ಎರಡು ರೀತಿಯಲ್ಲಿ ಸುಡುತ್ತದೆ. ಒಂದು, ತನಗೆ ತಾಗಿದ ಗಾಳಿಯನ್ನು ಕಾಯಿಸುತ್ತದೆ. ಎರಡು, ಒಲೆಯ ಮುಂದೆ ಕೂತರೆ ಮುಖಕ್ಕೆ ಝಳ ಹೊಡೆಯುತ್ತದಲ್ಲ, ಹಾಗೆಯೇ ಮೇಲಿನಿಂದ ನೇರವಾಗಿ ಝಳ ಸುರಿಸುತ್ತದೆ. ಮಧ್ಯಾಹ್ನ ಮೂರು ಗಂಟೆಗೆ ಶೀಟಿನ ಕೆಳಗೆ ನಿಂತು ಅಂಗೈಯನ್ನು ಮೇಲಕ್ಕೆ ಎತ್ತಿ ಹಿಡಿಯಿರಿ, ಶೀಟನ್ನು ಮುಟ್ಟುವುದು ಬೇಡ. ಅಂಗೈಗೆ ಝಳ ತಾಗಿದರೆ ನಿಮ್ಮ ನೆತ್ತಿಗೂ ಹಸುವಿನ ಬೆನ್ನಿಗೂ ದಿನವಿಡೀ ಅದೇ ತಾಗುತ್ತಿದೆ ಎಂದು ತಿಳಿಯಿರಿ.

ತಗಡಿನ ಶೀಟು ಬೇಗ ಕಾಯುತ್ತದೆ, ಸೂರ್ಯ ಮುಳುಗಿದ ಮೇಲೆ ಬೇಗ ಆರುತ್ತದೆ. ಆರ್‌ಸಿಸಿ ತಾರಸಿ ಹಾಗಲ್ಲ. ಅದು ನಿಧಾನವಾಗಿ ಕಾದು, ಹಗಲಿಡೀ ಹೀರಿದ ಬಿಸಿಯನ್ನು ರಾತ್ರಿ ಕೆಳಗೆ ಬಿಡುತ್ತದೆ. ಶೀಟಿನ ಮನೆಯಲ್ಲಿ ಮಧ್ಯಾಹ್ನ ಕೂರಲಾಗದಿದ್ದರೆ, ತಾರಸಿ ಮನೆಯಲ್ಲಿ ರಾತ್ರಿ ಮಲಗಲಾಗದು.

ಫ್ಯಾನಿನ ಲೆಕ್ಕ

ಫ್ಯಾನು ಗಾಳಿಯನ್ನು ತಂಪು ಮಾಡುವುದಿಲ್ಲ, ಇರುವ ಗಾಳಿಯನ್ನೇ ಬೀಸುತ್ತದೆ. ಸೀಲಿಂಗ್ ಫ್ಯಾನು ಮೇಲಿನ ಗಾಳಿಯನ್ನು ಎಳೆದು ಕೆಳಕ್ಕೆ ತಳ್ಳುತ್ತದೆ. ಮೇಲೆ ಶೀಟಿನಡಿ ಕಾದ ಗಾಳಿ ತುಂಬಿ ನಿಂತಿದ್ದರೆ ಅದನ್ನೇ ನಮ್ಮ ಮೈಮೇಲೆ ಸುರಿಯುತ್ತದೆ. ‘ಫ್ಯಾನು ಹಾಕಿದರೆ ಬೆಂಕಿ ಗಾಳಿ ಬರುತ್ತದೆ’ ಎಂದು ನಾವು ಹೇಳುವುದು ಸುಳ್ಳಲ್ಲ.

ಹಳೆಯ ಮಾದರಿಯ ಸೀಲಿಂಗ್ ಫ್ಯಾನು ಸುಮಾರು 75 ವಾಟ್ ಎಳೆಯುತ್ತದೆ. ದಿನಕ್ಕೆ 16 ಗಂಟೆ ತಿರುಗಿದರೆ 1.2 ಯೂನಿಟ್, ತಿಂಗಳಿಗೆ 36 ಯೂನಿಟ್. ಎರಡು ಫ್ಯಾನಿಗೆ 72 ಯೂನಿಟ್. ಸೂರು ತಂಪಾಗಿ, ಫ್ಯಾನು ತಿರುಗುವ ಹೊತ್ತು 16 ಗಂಟೆಯಿಂದ 10 ಗಂಟೆಗೆ ಇಳಿದರೆ ಅದೇ ಎರಡು ಫ್ಯಾನಿಗೆ 45 ಯೂನಿಟ್ ಸಾಕು. ಫ್ಯಾನು ಕೆಟ್ಟು ಹೊಸದು ಕೊಳ್ಳುವ ಕಾಲ ಬಂದಾಗ ‘ಬಿಎಲ್‌ಡಿಸಿ’ ಎಂದು ಕೇಳಿ ತನ್ನಿ. ಅದು ಸುಮಾರು 30 ವಾಟ್‌ನಲ್ಲೇ ಅಷ್ಟೇ ಗಾಳಿ ಕೊಡುತ್ತದೆ. ಬೆಲೆ ಸ್ವಲ್ಪ ಹೆಚ್ಚು. ಆದರೆ ದಿನಕ್ಕೆ 10 ಗಂಟೆ ತಿರುಗಿದರೆ ತಿಂಗಳಿಗೆ ಬರೀ 9 ಯೂನಿಟ್.

‘ನಮಗೆ ಗೃಹಜ್ಯೋತಿ ಇದೆ, ಬಿಲ್ಲಿನ ಚಿಂತೆ ಇಲ್ಲ’ ಎನ್ನುವವರು ಒಂದು ವಿಷಯ ಗಮನಿಸಬೇಕು. 2023ರಲ್ಲಿ ಜಾರಿಗೆ ಬಂದ ಈ ಯೋಜನೆಯಲ್ಲಿ ಪ್ರತಿ ಮನೆಗೂ ಅದರ ಹಿಂದಿನ ಬಳಕೆಯ ಸರಾಸರಿ ನೋಡಿ ಉಚಿತ ಯೂನಿಟ್‌ಗಳ ಮಿತಿ ಗೊತ್ತುಮಾಡಲಾಗಿದೆ. ಆ ಮಿತಿ ಮೀರಿದ ಯೂನಿಟ್‌ಗಳಿಗೆ ನಾವೇ ಹಣ ಕಟ್ಟಬೇಕು. ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಇಡೀ ಬಿಲ್ಲನ್ನು ಕಟ್ಟಬೇಕು. ಮನೆಯ ಮೀಟರಿನಿಂದಲೇ ಕೊಟ್ಟಿಗೆಗೂ ತಂತಿ ಎಳೆದು ಫ್ಯಾನು, ಮೇವು ಕತ್ತರಿಸುವ ಯಂತ್ರ, ಹಾಲು ಕರೆಯುವ ಯಂತ್ರ ಎಲ್ಲವನ್ನೂ ಅದರಲ್ಲೇ ಓಡಿಸುತ್ತಿದ್ದರೆ ಬೇಸಿಗೆಯಲ್ಲಿ ಮಿತಿ ದಾಟುವುದು ಬಹಳ ಸುಲಭ. ಹಾಗಾಗಿ ಉಳಿಸಿದ 30–40 ಯೂನಿಟ್ ಕೆಲವು ಮನೆಗಳಲ್ಲಿ ಪೂರ್ತಿ ಬಿಲ್ಲನ್ನೇ ಉಳಿಸಬಹುದು. ಬಿಲ್ಲಿನ ಚೀಟಿಯನ್ನು ಕಪಾಟಿಗೆ ಸೇರಿಸುವ ಮೊದಲು ಒಮ್ಮೆ ಓದಿ.

ಹಾಲಿನ ಲೆಕ್ಕ

ಮನುಷ್ಯರು ಬೆವರಿ ತಂಪಾಗುತ್ತಾರೆ. ಹಸು ನಮ್ಮಷ್ಟು ಬೆವರುವುದಿಲ್ಲ. ಅದರ ಮೇಲೆ ಮೇವು ಜೀರ್ಣವಾಗುವಾಗ ಹೊಟ್ಟೆಯೊಳಗೇ ಶಾಖ ಹುಟ್ಟುತ್ತಿರುತ್ತದೆ. ಹೆಚ್ಚು ಹಾಲು ಕೊಡುವ ರಾಸು ಹೆಚ್ಚು ತಿನ್ನುತ್ತದೆ, ಅದರ ಮೈಯಲ್ಲಿ ಹುಟ್ಟುವ ಶಾಖವೂ ಹೆಚ್ಚು. ಹೀಗಾಗಿ ನಮಗೆ ಹಿತವೆನಿಸುವ 25 ಡಿಗ್ರಿಯಲ್ಲಿ, ಗಾಳಿಯಲ್ಲಿ 60 ಶೇಕಡ ತೇವವಿದ್ದರೆ, ಎಚ್‌ಎಫ್ ಮಿಶ್ರತಳಿ ಹಸುವಿಗೆ ಆಗಲೇ ಸೆಕೆಯ ಒತ್ತಡ ಆರಂಭವಾಗಿರುತ್ತದೆ. ಜೆರ್ಸಿ ಸ್ವಲ್ಪ ತಡೆಯುತ್ತದೆ. ನಾಟಿ ಹಸು ಇನ್ನೂ ಹೆಚ್ಚು ತಡೆಯುತ್ತದೆ.

ಸೆಕೆ ತಟ್ಟಿದ ಹಸು ಮೇವು ಬಿಡುತ್ತದೆ, ಅದರಲ್ಲೂ ಒಣಮೇವನ್ನು ಮೊದಲು ಬಿಡುತ್ತದೆ. ಮೆಲುಕು ಕಡಿಮೆಯಾಗುತ್ತದೆ. ಮಲಗದೆ ನಿಂತೇ ಇರುತ್ತದೆ. ಹಾಲು ಇಳಿಯುವುದರ ಜೊತೆಗೆ ಜಿಡ್ಡು, ಎಸ್‌ಎನ್‌ಎಫ್ ಕೂಡ ಇಳಿಯುತ್ತವೆ. ಅಂದರೆ ಲೀಟರೂ ಹೋಯಿತು, ದರವೂ ಹೋಯಿತು. ಬೆದೆಯ ಲಕ್ಷಣ ಸರಿಯಾಗಿ ಕಾಣುವುದಿಲ್ಲ, ಕೃತಕ ಗರ್ಭಧಾರಣೆ ಮಾಡಿಸಿದರೂ ಕಟ್ಟುವುದು ಕಷ್ಟ. ಬೇಸಿಗೆಯಲ್ಲಿ ಕಟ್ಟದೆ ಹೋದ ಹಸುವಿನ ನಷ್ಟ ಮುಂದಿನ ವರ್ಷದ ಕರುವಿನವರೆಗೂ ಬೆನ್ನಟ್ಟುತ್ತದೆ.

ಲೆಕ್ಕಕ್ಕೆಂದು ಒಂದು ಹಸು ದಿನಕ್ಕೆ ಒಂದೇ ಲೀಟರು ಕಡಿಮೆ ಕೊಟ್ಟಿತು ಎಂದಿಟ್ಟುಕೊಳ್ಳಿ. ಮಾರ್ಚ್, ಏಪ್ರಿಲ್, ಮೇ ಸೇರಿ 90 ಲೀಟರು. ಲೀಟರಿಗೆ 35 ರೂಪಾಯಿ ಹಿಡಿದರೆ 3,150 ರೂಪಾಯಿ. ಮೂರು ಹಸು ಇದ್ದರೆ 9,450 ರೂಪಾಯಿ. ಈ ಹಣದ ಪಕ್ಕದಲ್ಲಿ ಸುಣ್ಣದ ಚೀಲದ ಬೆಲೆಯನ್ನಿಟ್ಟು ನೋಡಿ.

ನಿಮ್ಮ ಹಸುವಿಗೆ ಸೆಕೆ ತಟ್ಟಿದೆಯೇ ಎಂದು ತಿಳಿಯಲು ಯಂತ್ರ ಬೇಡ. ಮಧ್ಯಾಹ್ನ ಎರಡು ಗಂಟೆಯ ಮೇಲೆ, ಹಸು ಸುಮ್ಮನೆ ನಿಂತಿರುವಾಗ ಅದರ ಪಕ್ಕೆ ಏರಿಳಿಯುವುದನ್ನು ಅರ್ಧ ನಿಮಿಷ ಎಣಿಸಿ, ಎರಡರಿಂದ ಗುಣಿಸಿ. ನಿಮಿಷಕ್ಕೆ 60 ದಾಟಿದರೆ ಸೆಕೆಯ ಒತ್ತಡವಿದೆ. 80 ದಾಟಿದರೆ ತಡಮಾಡದೆ ನೀರು, ಗಾಳಿ, ನೆರಳಿನ ವ್ಯವಸ್ಥೆ ಆಗಬೇಕು. ಬಾಯಿ ತೆರೆದು, ನಾಲಿಗೆ ಚಾಚಿ, ಜೊಲ್ಲು ಸುರಿಸುತ್ತಿದ್ದರೆ ಮೈಮೇಲೆ ನೀರು ಹಾಕುತ್ತಲೇ ಪಶುವೈದ್ಯರನ್ನು ಕರೆಯಿರಿ.

ಹಳೆಯ ಮನೆಗಳು ಕಲಿಸುವ ಪಾಠ

ಮಲೆನಾಡಿನ, ಕರಾವಳಿಯ ಹಂಚಿನ ಮನೆಗಳಲ್ಲಿ ಮಾಡಿಗೂ ಕೋಣೆಗೂ ನಡುವೆ ಹಲಗೆಯ ಅಟ್ಟವಿರುತ್ತಿತ್ತು. ಬಿಸಿಲಿನ ಬಿಸಿ ಅಟ್ಟದಲ್ಲೇ ನಿಲ್ಲುತ್ತಿತ್ತು, ಹಂಚಿನ ಸಂದಿಗಳಿಂದ ಹೊರಗೆ ಹೋಗುತ್ತಿತ್ತು. ಕೊಟ್ಟಿಗೆಯ ಅಟ್ಟದಲ್ಲಿ ವರ್ಷದ ಹುಲ್ಲು ತುಂಬಿಡುತ್ತಿದ್ದರು. ಅದೇ ಹುಲ್ಲು ಕೆಳಗಿನ ದನಗಳಿಗೆ ದಪ್ಪ ಹೊದಿಕೆಯಾಗುತ್ತಿತ್ತು. ಉತ್ತರ ಕರ್ನಾಟಕದ ಮಾಳಿಗೆ ಮನೆಗಳಲ್ಲಿ ಜಂತೆಗಳ ಮೇಲೆ ಮೊಣಕೈ ಉದ್ದದ ದಪ್ಪ ಮಣ್ಣು, ಅದರ ನಡುವೆ ಬೆಳಕಿಂಡಿ. ಹಳೇ ಮೈಸೂರಿನ ತೊಟ್ಟಿ ಮನೆಗಳಲ್ಲಿ ಕಾದ ಗಾಳಿ ನಡುವಿನ ತೊಟ್ಟಿಯಿಂದ ಮೇಲೆ ಹೋಗುತ್ತಿತ್ತು.

ಈ ಎಲ್ಲ ಮನೆಗಳಲ್ಲೂ ಮೂರು ಸಂಗತಿ ಸಾಮಾನ್ಯ. ಬಿಸಿಲನ್ನು ಮೇಲೆಯೇ ತಡೆಯುವುದು, ತಡೆದೂ ಉಳಿದ ಬಿಸಿ ಕೆಳಗಿಳಿಯದಂತೆ ನಡುವೆ ಒಂದು ಪದರ ಇಡುವುದು, ಕಾದ ಗಾಳಿಗೆ ಎತ್ತರದಲ್ಲಿ ದಾರಿ ಬಿಡುವುದು. ಶೀಟು ಬಂದ ಮೇಲೆ ಕಟ್ಟುವುದು ಸುಲಭವಾಯಿತು, ಸೋರುವುದು ನಿಂತಿತು, ವರ್ಷವರ್ಷವೂ ಹಂಚು ಕೈಯಾಡಿಸುವ ಕೆಲಸ ತಪ್ಪಿತು. ಆದರೆ ಈ ಮೂರೂ ಒಟ್ಟಿಗೇ ಹೋದವು. ಈಗ ಅವನ್ನು ಒಂದೊಂದಾಗಿ ಮರಳಿ ತರಬೇಕು.

ಮೊದಲ ಕೆಲಸ: ಬಿಸಿಲನ್ನು ಮೇಲೆಯೇ ತಡೆಯಿರಿ

ಬಿಳಿ ಬಣ್ಣ ಬಿಸಿಲನ್ನು ಹಿಂದಕ್ಕೆ ಎಸೆಯುತ್ತದೆ, ಕಪ್ಪು ಹೀರಿಕೊಳ್ಳುತ್ತದೆ. ತೆಲಂಗಾಣ ಸರ್ಕಾರ 2023ರಲ್ಲಿ ತಂಪು ಚಾವಣಿಗೆಂದೇ ಒಂದು ನೀತಿ ತಂದಿತು. ಅಹಮದಾಬಾದಿನ ಬಡಾವಣೆಗಳಲ್ಲಿ ಮಹಿಳಾ ಹೌಸಿಂಗ್ ಟ್ರಸ್ಟ್ ಸಂಸ್ಥೆ ಹೆಣ್ಣುಮಕ್ಕಳ ಜೊತೆ ಸೇರಿ ತಗಡಿನ ಮನೆಗಳ ಸೂರಿಗೆ ಬಿಳಿ ಬಣ್ಣ ಬಳಿಸುವ ಕೆಲಸ ಮಾಡುತ್ತಿದೆ. ಎರಡು ಕಡೆಯೂ ತತ್ವ ಒಂದೇ.

ಸಿಮೆಂಟ್ ಶೀಟು, ತಾರಸಿಗೆ ಸುಣ್ಣ: ಇವೆರಡರ ಮೇಲೂ ಸುಣ್ಣ ಚೆನ್ನಾಗಿ ಹಿಡಿಯುತ್ತದೆ. ಅರಳಿದ ಸುಣ್ಣವನ್ನು ಹಿಂದಿನ ರಾತ್ರಿಯೇ ನೀರಿನಲ್ಲಿ ನೆನೆಸಿ, ಬೆಳಿಗ್ಗೆ ಬಟ್ಟೆಯಲ್ಲಿ ಸೋಸಿ, ಗಟ್ಟಿ ಹಾಲಿನ ಹದಕ್ಕೆ ಕಲಸಿ. ಹಿಡಿತಕ್ಕೆ ಸ್ವಲ್ಪ ಗಂಜಿಯನ್ನೋ ಅಂಟನ್ನೋ ಸೇರಿಸಬಹುದು. ಸೂರನ್ನು ತೊಳೆದು, ಇನ್ನೂ ಒದ್ದೆಯಿರುವಾಗಲೇ ಸಂಜೆ ಹೊತ್ತು ಮೊದಲ ಕೈ ಹೊಡೆಯಿರಿ. ಮರುದಿನ ಅದಕ್ಕೆ ಅಡ್ಡಲಾಗಿ ಎರಡನೇ ಕೈ. ಉರಿಬಿಸಿಲಲ್ಲಿ ಬಳಿದರೆ ಸುಣ್ಣ ಪುಡಿಯಾಗಿ ಉದುರುತ್ತದೆ. ಮಳೆಗೆ ಇದು ತೊಳೆದುಹೋಗುತ್ತದೆ, ಆದ್ದರಿಂದ ಪ್ರತಿ ವರ್ಷ ಬೇಸಿಗೆಗೆ ಮೊದಲು ಹೊಸದಾಗಿ ಬಳಿಯಬೇಕು.

ತಗಡಿನ ಶೀಟಿಗೆ ಬಿಳಿ ಬಣ್ಣ: ಜಿಂಕ್ ಶೀಟಿನ ಮೇಲೆ ಸುಣ್ಣ ನಿಲ್ಲುವುದಿಲ್ಲ, ಬೇಗ ಸಿಪ್ಪೆ ಏಳುತ್ತದೆ. ತುಕ್ಕು ಉಜ್ಜಿ, ಪ್ರೈಮರ್ ಹಾಕಿ, ಸೂರಿಗೆಂದೇ ಸಿಗುವ ಬಿಳಿ ಬಣ್ಣ ಬಳಿಯುವುದು ಒಳ್ಳೆಯದು. ಖರ್ಚು ಸುಣ್ಣಕ್ಕಿಂತ ಹೆಚ್ಚು, ಆದರೆ ಕೆಲವು ವರ್ಷ ಬಾಳುತ್ತದೆ. ವರ್ಷಕ್ಕೊಮ್ಮೆ ಧೂಳು ತೊಳೆಯಿರಿ. ಕೊಳೆಯಾದ ಬಿಳಿ ಅರ್ಧ ಕೆಲಸವನ್ನಷ್ಟೇ ಮಾಡುತ್ತದೆ.

ಗರಿ, ಸೋಗೆ, ಹುಲ್ಲಿನ ಹೊದಿಕೆ: ತೆಂಗಿನ ಗರಿ, ಅಡಿಕೆ ಸೋಗೆ, ಕಬ್ಬಿನ ಸೋಗೆ, ಜೋಳದ ದಂಟು, ನಿಮ್ಮ ಹೊಲದಲ್ಲಿ ಯಾವುದಿದೆಯೋ ಅದು. ಅರ್ಧ ಅಡಿ ದಪ್ಪ ಹಾಸಿ, ಗಾಳಿಗೆ ಹಾರದಂತೆ ಗಳ ಅಡ್ಡಹಾಕಿ ಬಿಗಿಯಿರಿ. ಮಳೆಗಾಲಕ್ಕೆ ಮೊದಲು ಇಳಿಸಿಬಿಡಿ. ಶೀಟಿನ ಮೇಲೆ ಕೊಳೆತರೆ ತುಕ್ಕು ಬರುತ್ತದೆ, ಹುಳಹುಪ್ಪಟೆ ಸೇರುತ್ತವೆ.

ಬಳ್ಳಿಯ ಚಪ್ಪರ: ಸೋರೆ, ಹೀರೆ, ಸಿಹಿಗುಂಬಳದ ಬಳ್ಳಿಯನ್ನು ಕೊಟ್ಟಿಗೆಯ ಮಾಡಿಗೆ ಹಬ್ಬಿಸುವುದು ನಮಗೆ ಹೊಸದಲ್ಲ. ಶೀಟಿಗೆ ನೇರ ತಾಗದಂತೆ ಒಂದಡಿ ಎತ್ತರದಲ್ಲಿ ಗಳದ ಚಪ್ಪರ ಹಾಕಿದರೆ ಬಳ್ಳಿ ಸುಡುವುದಿಲ್ಲ, ನಡುವೆ ಗಾಳಿಯೂ ಆಡುತ್ತದೆ. ಬೇಸಿಗೆಗೆ ನೆರಳು ಬೇಕೆಂದರೆ ಡಿಸೆಂಬರ್–ಜನವರಿಯಲ್ಲೇ ಬೀಜ ಊರಬೇಕು.

ಮರ: ಪಶ್ಚಿಮದ ಕಡೆ ಬೇವು, ಹೊಂಗೆ, ನುಗ್ಗೆ, ಅಗಸೆ ನೆಡಿ. ಸಂಜೆಯ ಓರೆ ಬಿಸಿಲು ತಪ್ಪುತ್ತದೆ. ಅಗಸೆಯ ಸೊಪ್ಪು ಮೇವಿಗೂ ಆಯಿತು. ಇಂದು ನೆಟ್ಟ ಗಿಡ ನಾಳೆಯೇ ನೆರಳು ಕೊಡದು, ಆದರೆ ನೆಡದೆ ಇದ್ದರೆ ಎಂದಿಗೂ ಕೊಡದು.

ಎರಡನೇ ಕೆಲಸ: ನಡುವೆ ಒಂದು ಪದರ

ಸೂರಿಗೂ ನಮಗೂ ನಡುವೆ ಇನ್ನೊಂದು ಪದರವಿದ್ದರೆ ಮೇಲಿನ ಝಳ ನೇರವಾಗಿ ತಾಗುವುದಿಲ್ಲ. ಇದೇ ಅಟ್ಟದ ತತ್ವ.

ಮನೆಯೊಳಗೆ ಬಿದಿರಿನ ತಟ್ಟಿಯನ್ನೋ ಮಂದವಾದ ಚಾಪೆಯನ್ನೋ ಶೀಟಿನಿಂದ ಒಂದಡಿಯಾದರೂ ಕೆಳಗೆ ಕಟ್ಟಿ. ಅನುಕೂಲವಿದ್ದವರು ಜಿಪ್ಸಮ್ ಹಲಗೆಯ ಫಾಲ್ಸ್ ಸೀಲಿಂಗ್ ಮಾಡಿಸಬಹುದು. ಪದರ ಶೀಟಿಗೆ ಅಂಟಿಕೊಂಡಿರಬಾರದು. ನಡುವಿನ ಗಾಳಿಯ ಜಾಗವೇ ಅರ್ಧ ಕೆಲಸ ಮಾಡುತ್ತದೆ. ಆ ಜಾಗದ ಎರಡೂ ತುದಿಯಲ್ಲಿ, ಅಂದರೆ ಎದುರುಬದುರು ಗೋಡೆಗಳ ಮೇಲ್ಭಾಗದಲ್ಲಿ, ಜಾಲರಿ ಹಾಕಿದ ಕಿಂಡಿ ಬಿಡಿ. ಕಿಂಡಿಯಿಲ್ಲದ ಫಾಲ್ಸ್ ಸೀಲಿಂಗ್ ಎಂದರೆ ಮುಚ್ಚಳ ಹಾಕಿದ ಕಾವಲಿಯಂತೆ. ಒಳಗೆ ಸಿಕ್ಕಿದ ಬಿಸಿ ನಿಧಾನವಾಗಿ ಕೆಳಗಿಳಿದು ರಾತ್ರಿಯೆಲ್ಲ ಕಾಡುತ್ತದೆ.

ಅಂಗಡಿಯಲ್ಲಿ ಬೆಳ್ಳಿಯಂತೆ ಹೊಳೆಯುವ ಫಾಯಿಲ್ ಹಾಳೆ ಸಿಗುತ್ತದೆ. ಅದು ಝಳವನ್ನು ಚೆನ್ನಾಗಿ ತಡೆಯುತ್ತದೆ, ಆದರೆ ಹೊಳೆಯುವ ಮೈಯ ಎದುರಿಗೆ ಒಂದಿಂಚಾದರೂ ಖಾಲಿ ಜಾಗ ಇರಲೇಬೇಕು. ಶೀಟಿಗೇ ಒತ್ತಿ ಅಂಟಿಸಿ, ಎರಡೂ ಬದಿಯ ಜಾಗ ಮುಚ್ಚಿಬಿಟ್ಟರೆ ಹಣ ದಂಡ. ಥರ್ಮೊಕೋಲ್ ಅಗ್ಗ, ಬಿಸಿಯನ್ನೂ ತಡೆಯುತ್ತದೆ. ಆದರೆ ಬೇಗ ಬೆಂಕಿ ಹಿಡಿಯುತ್ತದೆ, ಇಲಿಗಳೂ ಕೊರೆಯುತ್ತವೆ. ಒಲೆಯಿರುವ ಅಡುಗೆಮನೆಗೆ ಅದು ಬೇಡವೇ ಬೇಡ.

ಕೊಟ್ಟಿಗೆಯಲ್ಲಿ ಹುಲ್ಲಿನ ಅಟ್ಟ ಕಟ್ಟುವ ಅನುಕೂಲವಿದ್ದರೆ ಅದಕ್ಕಿಂತ ಒಳ್ಳೆಯ ಪದರವಿಲ್ಲ. ಮೇವಿನ ದಾಸ್ತಾನೂ ಆಯಿತು, ದನಕ್ಕೆ ತಂಪೂ ಆಯಿತು. ಮೂರು ಎಚ್ಚರಿಕೆ ಮಾತ್ರ ಇರಲಿ. ಪೂರ್ತಿ ಒಣಗಿದ ಹುಲ್ಲನ್ನೇ ತುಂಬಿ, ಹಸಿ ಹುಲ್ಲು ಒಳಗೊಳಗೇ ಬಿಸಿಯಾಗಿ ಬೂಷ್ಟು ಹಿಡಿಯುತ್ತದೆ, ಹೊತ್ತಿಕೊಳ್ಳುವುದೂ ಉಂಟು. ಹುಲ್ಲಿಗೂ ಶೀಟಿಗೂ ನಡುವೆ ಒಂದೆರಡು ಅಡಿ ಜಾಗ ಬಿಡಿ. ಸಂಜೆ ಸೊಳ್ಳೆಗೆಂದು ಹಾಕುವ ಹೊಗೆಯನ್ನು ಅಟ್ಟದ ಕೆಳಗೆ ಹಾಕಬೇಡಿ, ಅಟ್ಟದೊಳಗೆ ಬಲ್ಬು, ತೇಪೆ ಹಾಕಿದ ತಂತಿ ಬೇಡ.

ಈ ಪದರ ಚಳಿಗಾಲಕ್ಕೂ ಉಪಯೋಗ. ಶೀಟಿನ ಒಳಮೈಯಲ್ಲಿ ಬೆಳಗಿನ ಜಾವ ಮಂಜು ಕಟ್ಟಿ ಹನಿಹನಿಯಾಗಿ ಕರುಗಳ ಮೇಲೆ ಬೀಳುವುದು ನಿಲ್ಲುತ್ತದೆ.

ಮೂರನೇ ಕೆಲಸ: ಕಾದ ಗಾಳಿಗೆ ದಾರಿ

ಕಾದ ಗಾಳಿ ಮೇಲಕ್ಕೇರುತ್ತದೆ. ಮೇಲೆ ದಾರಿಯಿಲ್ಲದಿದ್ದರೆ ಅಲ್ಲೇ ಮಡುಗಟ್ಟಿ ನಿಲ್ಲುತ್ತದೆ. ಎತ್ತರದಲ್ಲಿ ಹೊರಹೋಗಲು ದಾರಿ, ತಗ್ಗಿನಲ್ಲಿ ಒಳಬರಲು ದಾರಿ, ಎರಡೂ ಇದ್ದರೆ ಗಾಳಿ ತಾನೇ ಆಡುತ್ತದೆ. ಕರೆಂಟ್ ಬೇಡ.

ಮನೆಯಲ್ಲಿ ಮೊದಲು ನೋಡಬೇಕಾದ್ದು ಗವಾಕ್ಷಿಗಳನ್ನು. ಎಷ್ಟೋ ಮನೆಗಳಲ್ಲಿ ಅವುಗಳಿಗೆ ಹಳೆಯ ಬಟ್ಟೆ, ರಟ್ಟು ತುರುಕಿರುತ್ತದೆ. ಅವನ್ನು ತೆಗೆದು ಸೊಳ್ಳೆ ಜಾಲರಿ ಹೊಡೆಯಿರಿ. ಅಡುಗೆಮನೆಯಲ್ಲಿ ಒಲೆಯ ನೇರಕ್ಕೆ, ಆದಷ್ಟು ಎತ್ತರದಲ್ಲಿ ಕಿಂಡಿಯಿರಲಿ. ಬಿಸಿ, ಹೊಗೆ ಎರಡೂ ಅಲ್ಲಿಂದಲೇ ಹೋಗಬೇಕು. ಹಗಲು ಹೊರಗಿನ ಗಾಳಿ ಒಳಗಿನದಕ್ಕಿಂತ ಬಿಸಿಯಾಗಿರುವ ಹೊತ್ತು ಪಶ್ಚಿಮದ ಕಿಟಕಿ ಮುಚ್ಚಿ, ಒದ್ದೆ ಗೋಣಿಯ ಪರದೆ ಇಳಿಬಿಡಿ. ಸೂರ್ಯ ಮುಳುಗಿದ ಮೇಲೆ ಎಲ್ಲ ಕಿಟಕಿ ತೆರೆಯಿರಿ.

ಕೊಟ್ಟಿಗೆಯಲ್ಲಿ ಗೋಡೆ ಎದೆಮಟ್ಟಕ್ಕಿದ್ದರೆ ಸಾಕು, ಅದರ ಮೇಲೆ ತೆರೆದಿರಲಿ. ಕಳ್ಳರ ಭಯವಿದ್ದಲ್ಲಿ ಇಟ್ಟಿಗೆ ಗೋಡೆಯ ಬದಲು ಕಬ್ಬಿಣದ ಜಾಲರಿ ಹಾಕಿ. ಎರಡು ಇಳಿಜಾರಿನ ಮಾಡಿದ್ದರೆ ನೆತ್ತಿಯ ಉದ್ದಕ್ಕೂ ಸಂದಿ ಬಿಟ್ಟು, ಮಳೆ ಬೀಳದಂತೆ ಅದರ ಮೇಲೆ ಎತ್ತರಿಸಿದ ಟೋಪಿ ಶೀಟು ಕೂರಿಸಬೇಕು. ಕೊಟ್ಟಿಗೆಯ ಅಗಲ 10 ಅಡಿಯಾದರೆ ಸಂದಿ 2 ಇಂಚು, 20 ಅಡಿಯಾದರೆ 4 ಇಂಚು ಎಂಬುದು ಲೆಕ್ಕ. ಗಂಜಲದ ಘಾಟು, ತೇವ ಕೂಡ ಅಲ್ಲಿಂದಲೇ ಹೋಗುವುದರಿಂದ ನೆಲ ಬೇಗ ಒಣಗುತ್ತದೆ. ಒಣಗಿದ ನೆಲವೆಂದರೆ ಕೆಚ್ಚಲು ಬಾವಿನ ಭಯ ಅಷ್ಟು ಕಡಿಮೆ.

ಹೊಸದಾಗಿ ಕೊಟ್ಟಿಗೆ ಕಟ್ಟುವವರು ಉದ್ದನೆಯ ಬದಿ ಪೂರ್ವ–ಪಶ್ಚಿಮವಾಗಿ ಇರುವಂತೆ ನೋಡಿಕೊಳ್ಳಿ, ಸೂರಂಚನ್ನು ಗೋಡೆಯಿಂದ ಮೂರಡಿಯಷ್ಟು ಹೊರಚಾಚಿಸಿ. ಅಂಚಿನಲ್ಲಿ 10 ಅಡಿ ಎತ್ತರವಿರಲಿ. ತಗ್ಗಾದಷ್ಟೂ ಝಳ ಬೆನ್ನಿಗೆ ಹತ್ತಿರ. ಕಟ್ಟಿದ ಮೇಲೆ ಎತ್ತರಿಸುವುದು ದುಬಾರಿ. ಕೊಟ್ಟಿಗೆ ಕಟ್ಟಲು ಸಿಗುವ ನೆರವಿನ ಬಗ್ಗೆ ಗ್ರಾಮ ಪಂಚಾಯಿತಿಯಲ್ಲಿ ಮೊದಲೇ ವಿಚಾರಿಸಿ.

ಊರಿಗೆ ತಕ್ಕ ಉಪಾಯ

ಕಲಬುರಗಿ, ರಾಯಚೂರು, ಬಳ್ಳಾರಿ ಕಡೆ ಬೇಸಿಗೆ 40 ಡಿಗ್ರಿ ದಾಟುತ್ತದೆ, ಆದರೆ ಗಾಳಿ ಒಣ. ಅಲ್ಲಿ ಒದ್ದೆ ಗೋಣಿ, ಸೂರಿನ ಮೇಲಿನ ಹುಲ್ಲಿಗೆ ಮಧ್ಯಾಹ್ನ ನೀರು ಚಿಮುಕಿಸುವುದು ಚೆನ್ನಾಗಿ ಫಲ ಕೊಡುತ್ತವೆ. ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡದ ಕರಾವಳಿಯಲ್ಲಿ ಗಾಳಿಯಲ್ಲೇ ತೇವ ತುಂಬಿರುತ್ತದೆ. ಅಲ್ಲಿ ಬರೀ ನೀರು ಚಿಮುಕಿಸಿದರೆ ಸೆಕೆ ಇನ್ನೂ ಹೆಚ್ಚುತ್ತದೆ. ಗಾಳಿಯಾಡುವಂತೆ ಮಾಡುವುದೇ ಮುಖ್ಯ, ಹಸುವಿನ ಮೈಗೆ ನೀರು ಹಾಕಿದರೆ ಜೊತೆಗೆ ಫ್ಯಾನೂ ಇರಬೇಕು. ಕೋಲಾರ, ತುಮಕೂರು, ಮಂಡ್ಯ, ಹಾಸನದ ಕಡೆ ಬಿಳಿ ಸೂರು, ನೆತ್ತಿಯ ಸಂದಿ, ಪಶ್ಚಿಮದ ಮರ ಈ ಮೂರೇ ಬಹುಪಾಲು ಕೆಲಸ ಮುಗಿಸುತ್ತವೆ.

ಸೂರಿನ ಕೆಲಸ ಎಷ್ಟೇ ಚೆನ್ನಾಗಿದ್ದರೂ ಹಸುವಿನ ಮುಂದೆ ದಿನವಿಡೀ ನೆರಳಿನಲ್ಲಿಟ್ಟ ತಂಪು ನೀರು ಇರಲೇಬೇಕು. ಮೇವಿನ ಹೆಚ್ಚಿನ ಪಾಲನ್ನು ಬೆಳಗಿನ ಜಾವ ಮತ್ತು ರಾತ್ರಿ ಕೊಡಿ.

ಜೀವಕ್ಕಿಂತ ದೊಡ್ಡದಿಲ್ಲ: ಇವನ್ನು ಮರೆಯಬೇಡಿ

• ಸಿಮೆಂಟ್ ಶೀಟಿನ ಮೇಲೆ ಎಂದೂ ಕಾಲಿಡಬೇಡಿ. ನೋಡಲು ಗಟ್ಟಿಯಾಗಿದ್ದರೂ ಅದು ಥಟ್ಟನೆ ಒಡೆಯುತ್ತದೆ. ತೊಲೆಯಿಂದ ತೊಲೆಗೆ ಹಲಗೆ ಹಾಕಿ, ಅದರ ಮೇಲೆ ಮಾತ್ರ ಹೆಜ್ಜೆಯಿಡಬೇಕು. ಸಾಧ್ಯವಾದರೆ ಏಣಿಯ ಮೇಲೆ ನಿಂತು ಉದ್ದ ಕೋಲಿಗೆ ಕಟ್ಟಿದ ಕುಂಚದಿಂದ ಬಳಿಯಿರಿ. ಕೆಳಗೆ ಒಬ್ಬರು ಏಣಿ ಹಿಡಿದಿರಲಿ.
• ಹಳೆಯ ಸಿಮೆಂಟ್ ಶೀಟಿನಲ್ಲಿ ಕಲ್ನಾರು ಇರುತ್ತದೆ. ಅದರ ಧೂಳು ಶ್ವಾಸಕೋಶಕ್ಕೆ ಅಪಾಯ. ಒಣಗಿದ ಶೀಟನ್ನು ತಂತಿ ಕುಂಚದಿಂದ ಉಜ್ಜಬೇಡಿ, ಕೊರೆಯಬೇಡಿ, ಒಡೆಯಬೇಡಿ. ನೀರು ಹಾಕಿ ಮೆದುವಾದ ಪೊರಕೆಯಿಂದ ತೊಳೆಯಿರಿ.
• ಸುಣ್ಣ ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ. ಕನ್ನಡಕ ಹಾಕಿ, ಕೈಗೆ ಗವಸು ತೊಡಿ, ಮಕ್ಕಳನ್ನು ದೂರವಿಡಿ. ಬಿದ್ದರೆ ತಡಮಾಡದೆ ಬಹಳ ಹೊತ್ತು ಶುದ್ಧ ನೀರಿನಿಂದ ತೊಳೆದು ವೈದ್ಯರ ಬಳಿ ಹೋಗಿ.
• ಸೂರಿನ ಹತ್ತಿರ ಕರೆಂಟ್ ತಂತಿ ಹಾದುಹೋಗಿದ್ದರೆ ಮೇಲೆ ಹತ್ತುವ ಮೊದಲು ಲೈನ್‌ಮನ್‌ಗೆ ತಿಳಿಸಿ.
• ಕೊಟ್ಟಿಗೆಯ ಫ್ಯಾನಿಗೆ ಅರ್ತಿಂಗ್ ಇರಲೇಬೇಕು. ಒದ್ದೆ ನೆಲ, ಒದ್ದೆ ಮೈ, ತೇಪೆ ಹಾಕಿದ ತಂತಿ ಮೂರೂ ಸೇರಿದರೆ ಕ್ಷಣದಲ್ಲಿ ರಾಸು ಹೋಗುತ್ತದೆ, ಬಿಡಿಸಲು ಹೋದವರೂ ಉಳಿಯುವುದಿಲ್ಲ. ಸೋರಿಕೆಯಾದೊಡನೆ ಕರೆಂಟ್ ಕಡಿಯುವ ಆರ್‌ಸಿಸಿಬಿ ಸ್ವಿಚ್ಚನ್ನು ಎಲೆಕ್ಟ್ರಿಷಿಯನ್ ಕೈಯಲ್ಲಿ ಹಾಕಿಸಿ.
• ಸೂರಿನ ಮಳೆನೀರನ್ನು ಕುಡಿಯಲು ಹಿಡಿಯುವವರು ಸುಣ್ಣ, ಬಣ್ಣ ಬಳಿದ ಮೇಲಿನ ಮೊದಲ ಕೆಲವು ಮಳೆಯ ನೀರನ್ನು ಹೊರಗೆ ಬಿಡಿ.

ಯಾವುದು ಮೊದಲು?

ಎಲ್ಲವನ್ನೂ ಒಂದೇ ಬೇಸಿಗೆಯಲ್ಲಿ ಮಾಡಬೇಕಿಲ್ಲ. ಖರ್ಚಿನ ಕ್ರಮದಲ್ಲಿ ಹೀಗೆ ಸಾಗಬಹುದು.

1. ಖರ್ಚಿಲ್ಲದ್ದು: ಗವಾಕ್ಷಿ ತೆರೆಯುವುದು, ಕೊಟ್ಟಿಗೆಯ ಬದಿಗೆ ಕಟ್ಟಿದ ಪ್ಲಾಸ್ಟಿಕ್ ತಾಟು ಬಿಚ್ಚುವುದು, ಸೂರಿಗೆ ಗರಿ, ಸೋಗೆ ಹಾಸುವುದು, ಬಳ್ಳಿ ಹಬ್ಬಿಸುವುದು, ಗಿಡ ನೆಡುವುದು.
2. ಕಡಿಮೆ ಖರ್ಚಿನದ್ದು: ಸುಣ್ಣ ಬಳಿಯುವುದು, ಬಿದಿರು ತಟ್ಟಿ ಕಟ್ಟುವುದು, ಕಿಂಡಿಗೆ ಜಾಲರಿ ಹೊಡೆಯುವುದು.
3. ಒಂದು ಬಟವಾಡೆ ಎತ್ತಿಟ್ಟು ಮಾಡುವಂಥದ್ದು: ತಗಡಿಗೆ ಬಿಳಿ ಬಣ್ಣ, ಬಿಎಲ್‌ಡಿಸಿ ಫ್ಯಾನು, ಆರ್‌ಸಿಸಿಬಿ ಸ್ವಿಚ್ಚು.
4. ಯೋಚಿಸಿ ಮಾಡುವಂಥದ್ದು: ನೆತ್ತಿಯ ಸಂದಿ, ಹುಲ್ಲಿನ ಅಟ್ಟ, ಮಾಡು ಎತ್ತರಿಸುವುದು.

ಮಾಡುವ ಮೊದಲು ಒಂದು ಗೋಡೆ ಥರ್ಮಾಮೀಟರ್ ತಂದು ಹಸುವಿನ ಬೆನ್ನಿನ ಎತ್ತರಕ್ಕೆ ನೇತುಹಾಕಿ. ಒಂದು ವಾರ ಮಧ್ಯಾಹ್ನ ಮೂರು ಗಂಟೆಗೆ ಎಷ್ಟು ಡಿಗ್ರಿ ಎಂದು ಡೇರಿ ಪಾಸ್‌ಬುಕ್ಕಿನ ಹಿಂದೆಯೇ ಬರೆದಿಡಿ. ಜೊತೆಗೆ ಹಸುವಿನ ಉಸಿರಿನ ಲೆಕ್ಕ, ಆ ದಿನದ ಹಾಲು, ಜಿಡ್ಡು. ಕೆಲಸ ಮುಗಿದ ಮೇಲೆ ಹೊರಗಿನ ಬಿಸಿಲು ಅಷ್ಟೇ ಇರುವ ಇನ್ನೊಂದು ವಾರ ಅದನ್ನೇ ಬರೆಯಿರಿ. ಸುಣ್ಣಕ್ಕೆ ಹಾಕಿದ ಹಣ ಎಲ್ಲಿ ಹೋಯಿತು ಎಂದು ಯಾರಾದರೂ ಕೇಳಿದರೆ ಉತ್ತರ ನಿಮ್ಮ ಕೈಯಲ್ಲೇ ಇರುತ್ತದೆ.

ಆ ಪ್ರಶ್ನೆ ಬಂದೇ ಬರುತ್ತದೆ. ಹಸು ಕೊಳ್ಳುವಾಗ ನಮ್ಮನ್ನು ಕೇಳುತ್ತಾರೆ, ಹಾಲಿನ ಹಣ ನಮ್ಮ ಖಾತೆಗೇ ಬರುತ್ತದೆ. ಆದರೆ ಮನೆಯ ಸೂರು, ಕೊಟ್ಟಿಗೆಯ ಸೂರು ಹೇಗಿರಬೇಕೆಂಬ ಮಾತು ಬಹಳ ಮನೆಗಳಲ್ಲಿ ಗಂಡಸರ ನಡುವೆಯೇ ಮುಗಿಯುತ್ತದೆ. ಆ ಸೂರಿನ ಕೆಳಗೆ ಹೆಚ್ಚು ಹೊತ್ತು ಇರುವವರು ಯಾರು? ಬೆಳಿಗ್ಗೆ ಹಾಲು ಕರೆಯುವವರು, ಸಗಣಿ ಬಾಚುವವರು, ಮಧ್ಯಾಹ್ನದ ಉರಿಯಲ್ಲಿ ಒಲೆಯ ಮುಂದೆ ನಿಲ್ಲುವವರು, ಹಸುಗೂಸನ್ನು ಮಲಗಿಸುವವರು, ವಯಸ್ಸಾದ ಅತ್ತೆ ಮಾವನ ಆರೈಕೆ ಮಾಡುವವರು. ಬಸುರಿ, ಬಾಣಂತಿ, ಎಳೆಯ ಮಕ್ಕಳು, ಮುದುಕರು ಇವರಿಗೆ ಸೆಕೆ ಬರೀ ಕಿರಿಕಿರಿಯಲ್ಲ, ಆರೋಗ್ಯಕ್ಕೇ ಅಪಾಯ. ಹಸುವಿನ ತಂಪಿಗೆಂದು ಖರ್ಚು ಮಾಡಲು ಒಪ್ಪುವ ಮನೆಯವರು ಅಡುಗೆಮನೆಯ ಸೂರಿಗೂ ಅದೇ ಸುಣ್ಣ ಬಳಿಯಲು ಒಪ್ಪಲಾರರೇ? ಕೊಟ್ಟಿಗೆಗೆ ಕಲಸಿದ ಸುಣ್ಣದಲ್ಲಿ ಒಂದು ಬಕೆಟ್ಟನ್ನು ಅಡುಗೆಮನೆಗೂ ಎತ್ತಿಡಿ.

ಸಂಘದಲ್ಲಿ ಸೇರಿ ಮಾಡಿದರೆ ಸುಲಭ

ಒಬ್ಬೊಬ್ಬರೇ ಬಣ್ಣ ಕೊಳ್ಳುವುದಕ್ಕಿಂತ ಹತ್ತು ಮನೆಯವರು ಸೇರಿ ಸಗಟಿನಲ್ಲಿ ತಂದರೆ ದರ ಇಳಿಯುತ್ತದೆ. ಒಂದು ಉದ್ದ ಏಣಿ, ನಾಲ್ಕು ಹಲಗೆ, ಎರಡು ಕುಂಚ ಇದ್ದರೆ ಇಡೀ ಊರಿಗೆ ಸಾಕು. ಹಾಲು ಅಳೆಯುವ ಡೇರಿ ಕಟ್ಟಡದ ಸೂರಿನಿಂದಲೇ ಕೆಲಸ ಶುರುವಾಗಲಿ. ಬೆಳಿಗ್ಗೆ ಸಂಜೆ ಎಲ್ಲರೂ ಅಲ್ಲಿಗೆ ಬರುತ್ತಾರೆ, ತಂಪು ಎಷ್ಟಾಯಿತು ಎಂದು ನಿಂತಲ್ಲೇ ಗೊತ್ತಾಗುತ್ತದೆ. ಮುಂದಿನ ಸಭೆಯಲ್ಲಿ ಈ ವಿಷಯ ಎತ್ತಿ, ವಿಸ್ತರಣಾಧಿಕಾರಿಗಳು ಬಂದಾಗ ನಿಮ್ಮ ಕೊಟ್ಟಿಗೆಯ ಸೂರನ್ನೂ ತೋರಿಸಿ ಕೇಳಿ.

ಸಹೋದರಿಯರೇ, ಬಿಸಿಲನ್ನು ನಾವು ತಡೆಯಲಾರೆವು. ಅದು ಒಳಗೆ ಬರುವ ದಾರಿಯನ್ನು ಮಾತ್ರ ತಡೆಯಬಲ್ಲೆವು. ಯುಗಾದಿಗೆ ಹೇಗೂ ಗೋಡೆಗಳಿಗೆ ಸುಣ್ಣ ಬಳಿಯುತ್ತೇವೆ. ಈ ಸಲ ಅದಕ್ಕೆ ಕೆಲವು ದಿನ ಮೊದಲೇ ಸೂರಿಗೂ ಬಳಿಯೋಣ.